ಮುಖಕ್ಕೆ ಹಚ್ಚುವ ಮುನ್ನ

ಮೂವತ್ತನಾಲ್ಕು ವರುಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, ಈಗ ವಿಶ್ರಾಂತಿವೇತನದ ಮೇಲಿರುವ ನನಗೆ, ನನ್ನ ವಿದ್ಯೆಯೇ ಒಮ್ಮೆ ನನ್ನನ್ನು ದಾರಿತಪ್ಪಿಸಿತೆಂದು ಹೇಳಿಕೊಳ್ಳುವುದು ಸುಲಭದ ಮಾತಲ್ಲ. ತಪ್ಪು ನನ್ನದಾದರೂ ಅದರ ಫಲವನ್ನು ಉಂಡವಳು ಬೇರೊಬ್ಬಳು. ಅವಳು ನಮ್ಮ ಮನೆಯ ಮಗಳು. ಅವಳೇ ಈಗ “ಬರೀರಿ ದೊಡ್ಡಪ್ಪಾ, ನಾಕು ಮಂದಿ ಓದಲಿ” ಎಂದು ಅಪ್ಪಣೆಯಿತ್ತಿರುವುದರಿಂದ, ಧೈರ್ಯಮಾಡಿ ಲೇಖನಿಯನ್ನು ಹಿಡಿದಿರುವೆನು. ಹೆಣ್ಣುಮಕ್ಕಳಿರುವ ಮನೆಯ ಯಜಮಾನರು ಇದನ್ನು ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ.

ನಮ್ಮ ಮನೆಯಿರುವುದು ಕಲಬುರಗಿಯ ಶಹಾಬಜಾರದಲ್ಲಿ. ನನ್ನ ತಮ್ಮನು ಕಮಲಾಪುರದಲ್ಲಿ ಹೊಲವನ್ನೂ ಬಾಳೆಯ ತೋಟವನ್ನೂ ನೋಡಿಕೊಂಡಿರುವನು. ಕೆಂಪು ಬಾಳೆಯಿಂದ ಹೆಸರಾದ ಆ ಊರನ್ನು ವಾಚಕರು ಬಲ್ಲರು. ಅವನ ಮಗಳು ಕಾಲೇಜಿನ ಓದಿಗಾಗಿ ಮೂರು ವರುಷಗಳಿಂದ ನಮ್ಮಲ್ಲಿಯೇ ಇರುವಳು. ನಮಗೆ ಹೆಣ್ಣುಮಕ್ಕಳಿಲ್ಲ, ಆದುದರಿಂದ ಅವಳು ಬಂದಂದಿನಿಂದ ಮನೆಯಲ್ಲಿ ಬೆಳಕು ಹೆಚ್ಚಿತೆಂದು ನಮ್ಮ ಮನೆಯಾಕೆ ಹೇಳುವುದುಂಟು. ಓದಿನಲ್ಲಿ ಚುರುಕು, ಮಾತಿನಲ್ಲಿ ನಯ, ಕೆಲಸದಲ್ಲಿ ಅಚ್ಚುಕಟ್ಟು. ಮೈಬಣ್ಣ ಮಾತ್ರ ನಮ್ಮ ತಾಯಿಯದು, ಎಂದರೆ ಕಪ್ಪು. ನಮ್ಮ ತಾಯಿಯು ಎಪ್ಪತ್ತೆಂಟು ವರುಷ ಆ ಬಣ್ಣದಲ್ಲಿಯೇ ಸುಖವಾಗಿ ಬಾಳಿದವಳು. ಆದರೆ ಈ ಮಾತನ್ನು ಹುಡುಗಿಗೆ ನಾವು ಎಂದೂ ಹೇಳಿರಲಿಲ್ಲ. ಹೇಳಬೇಕಾಗಿತ್ತೆಂದು ಈಗ ತೋರುತ್ತದೆ.

ಸಾಯಂಕಾಲ ದೀಪ ಹಚ್ಚಿದ ಮೇಲೆ ಅವಳು ಕಟ್ಟೆಯ ಮೇಲೆ ಕುಳಿತು ಮೊಬೈಲನ್ನು ನೋಡುವುದು ವಾಡಿಕೆ. ಕುತೂಹಲದಿಂದ ನಾನೂ ಒಮ್ಮೊಮ್ಮೆ ಇಣುಕುತ್ತಿದ್ದೆನು. ಅರ್ಧ ನಿಮಿಷಕ್ಕೊಂದು ರೀಲು. ಒಬ್ಬಳು ಲಿಂಬೆಯ ಹೋಳನ್ನು ಕೆನ್ನೆಗೆ ತಿಕ್ಕುವಳು. ಇನ್ನೊಬ್ಬಳು ಅಡಿಗೆಯ ಸೋಡಾವನ್ನು ಕಲಸಿ ಬಳಿದುಕೊಳ್ಳುವಳು. ಮತ್ತೊಬ್ಬಳು ಮೊಡವೆಯ ಮೇಲೆ ಹಲ್ಲುಜ್ಜುವ ಪೇಸ್ಟನ್ನು ಇಡುವಳು. ಎಲ್ಲದರ ಕೊನೆಗೂ ಎರಡು ಮುಖಗಳು: ಮೊದಲಿನದು ಮಂಕು, ಅನಂತರದ್ದು ಹೊಳಪು. ಒಂದನ್ನು ಕತ್ತಲೆಯ ಕೋಣೆಯಲ್ಲಿಯೂ ಇನ್ನೊಂದನ್ನು ಕಿಟಕಿಯ ಬಳಿಯೂ ತೆಗೆದಿರುವರೆಂಬುದು ನನ್ನ ಹಳೆಯ ಕಣ್ಣಿಗೂ ಕಾಣುತ್ತಿತ್ತು. ನಮ್ಮ ಬಾಲ್ಯದಲ್ಲಿ ಶರಣಬಸವೇಶ್ವರರ ಜಾತ್ರೆಗೆ ಬೇರು ಬೀಜಗಳನ್ನು ಬಟ್ಟೆಯ ಮೇಲೆ ಹರವಿಕೊಂಡು ಕೂಗುವ ಔಷಧದವರು ಬರುತ್ತಿದ್ದರು. ಅವರಲ್ಲಿಯೂ ಮೋಸವಿತ್ತು, ಆದರೆ ಮರುವರುಷದ ಜಾತ್ರೆಗೆ ಅದೇ ಜಾಗಕ್ಕೆ ಬರಬೇಕಾಗಿದ್ದುದರಿಂದ ಅವರಿಗೆ ಸ್ವಲ್ಪ ಅಂಜಿಕೆಯೂ ಇತ್ತು. ಬೆರಳಿನಿಂದ ಸರಿಸಿದೊಡನೆ ಮರೆಯಾಗುವವರಿಗೆ ಆ ಅಂಜಿಕೆಯೆಲ್ಲಿ?

ಹೀಗೆ ಮನಸ್ಸಿನಲ್ಲಿಯೇ ನಗುತ್ತಿದ್ದವನು ನಾನು. ಹೋದ ವರುಷದ ಬೇಸಗೆಯಲ್ಲಿ ಅವಳು ಒಂದು ಸಣ್ಣ ಶೀಶೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಕೇಳಿದಳು:

“ದೊಡ್ಡಪ್ಪಾ, ಬಾಕುಚಿ ಅಂದ್ರ ಸಂಸ್ಕೃತ ಹೆಸರೇನ್ರಿ? ಹೊರದೇಶದವರೂ ಇದನ್ನೇ ಹಚ್ಕೋತಾರಂತ ನೋಡ್ರಿ. ಮುಖ ತಿಳಿ ಆಗತದಂತ. ಹಗಲಿನ್ಯಾಗ ಹಚ್ಕೊಂಡ್ರೂ ಏನೂ ಆಗಂಗಿಲ್ಲಂತ.”

ಲಿಂಬೆಯೆಂದಿದ್ದರೆ ನಕ್ಕುಬಿಡುತ್ತಿದ್ದೆನು. ಬಾಕುಚಿಯೆಂದೊಡನೆ ನನ್ನೊಳಗಿನ ಮಾಸ್ತರನು ಎದ್ದು ಕುಳಿತನು. ಅಮರಕೋಶದ ವನೌಷಧಿವರ್ಗವನ್ನು ಹತ್ತನೆಯ ವಯಸ್ಸಿನಲ್ಲಿಯೇ ಬಾಯಿಪಾಠ ಮಾಡಿದವನು ನಾನು. ಅವಲ್ಗುಜ, ಸೋಮರಾಜೀ, ಕೃಷ್ಣಫಲಾ, ಪೂತಿಫಲೀ ಎಂದು ಅದರ ಪರ್ಯಾಯನಾಮಗಳನ್ನು ಒಂದೇ ಉಸಿರಿನಲ್ಲಿ ಹೇಳಿ, “ನೋಡು ಮಗಳೇ, ಇದು ಸೋಮರಾಜೀ, ಚಂದ್ರನ ಹೆಸರುಳ್ಳದ್ದು. ನಮ್ಮ ಶಾಸ್ತ್ರದ ವಸ್ತು. ಕನ್ನಡದಲ್ಲಿ ಬಾವಂಚಿ ಎನ್ನುವರು. ಚರ್ಮಕ್ಕೆ ಇದಕ್ಕಿಂತ ಪ್ರಸಿದ್ಧವಾದುದು ಮತ್ತೊಂದಿಲ್ಲ” ಎಂದೆನು. ಹೊರದೇಶದವರು ಈಗ ಕಣ್ಣು ತೆರೆದರೆಂದು ಎರಡು ಮಾತು ಹೆಚ್ಚಾಗಿಯೂ ಆಡಿದೆನು.

ಒಳಗೆ ರೊಟ್ಟಿ ತಟ್ಟುತ್ತಿದ್ದ ಮನೆಯಾಕೆಯು ಅಲ್ಲಿಂದಲೇ, “ಹೆಸರು ಹೇಳಿದ್ರ ಎಣ್ಣಿ ಮೈಗಿ ಹೊಂದತದೇನ್ರಿ? ಮದಲ ಮುಂಗೈಗಿ ಹಚ್ಚಿ ನೋಡ್ಲಿ” ಎಂದಳು. ಹುಡುಗಿಯು ವಿಧೇಯಳಾಗಿ ಎರಡು ರಾತ್ರಿ ಮುಂಗೈಯ ಒಳಭಾಗಕ್ಕೆ ಹಚ್ಚಿ ನೋಡಿದಳು. ತುರಿಕೆಯಾಗಲಿ ಕೆಂಪಾಗಲಿ ಏಳಲಿಲ್ಲ. ವಿಡಿಯೋ ಒಪ್ಪಿತು, ದೊಡ್ಡಪ್ಪನು ಒಪ್ಪಿದನು, ಕೈಯೂ ಒಪ್ಪಿತು. ಇನ್ನೇನು ಬೇಕು?

ವೈಶಾಖದ ಒಂದು ಭಾನುವಾರ ಕಮಲಾಪುರದ ಮನೆಯಲ್ಲಿ ದೇವರ ಕಾರ್ಯವಿತ್ತು. ಬೆಳಿಗ್ಗೆ ಸ್ನಾನಮಾಡಿ, ಹಗಲಿನಲ್ಲಿಯೂ ಹಚ್ಚಬಹುದೆಂದು ಕೇಳಿದ್ದುದರಿಂದ, ಹಣೆ ಕೆನ್ನೆಗಳಿಗೆ ಎಣ್ಣೆಯನ್ನು ಧಾರಾಳವಾಗಿ ಸವರಿಕೊಂಡು ಅವಳು ತನ್ನ ಅಣ್ಣನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೊರಟಳು. ತಲೆಗೂ ಕುತ್ತಿಗೆಗೂ ಓಢಣಿಯನ್ನು ಸುತ್ತಿದ್ದಳು, ಮುಖ ತೆರೆದಿತ್ತು. ಮಧ್ಯಾಹ್ನ ಹೊಲದಲ್ಲಿದ್ದವರಿಗೆ ಬುತ್ತಿಯನ್ನು ಕೊಟ್ಟು ಬಂದಳು. ನಮ್ಮ ಕಡೆಯ ಬೇಸಗೆಯಲ್ಲಿ ಉಷ್ಣಮಾನವು 40 ಅಂಶವನ್ನು ದಾಟುವುದು ವಿಶೇಷವೇನಲ್ಲ. ಆ ದಿನವೂ ಹಾಗೆಯೇ ಇತ್ತು.

ಆ ರಾತ್ರಿ ಏನೂ ಆಗಲಿಲ್ಲ. ಮರುದಿನ ಸಂಜೆ ಮುಖ ಉರಿಯಹತ್ತಿತು. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಹಣೆಯ ಮೇಲೂ ಎರಡು ಕೆನ್ನೆಗಳ ಮೇಲೂ ನೀರುಗುಳ್ಳೆಗಳು ಎದ್ದಿದ್ದವು. ಕಣ್ಣಿನ ಕೆಳಗೆ ಬಾವು. ಅವಳು ಕನ್ನಡಿಯನ್ನು ಮಗುಚಿಟ್ಟು ಗೋಡೆಯ ಕಡೆಗೆ ಮುಖಮಾಡಿ ಮಲಗಿದ್ದಳು. ತಣ್ಣೀರಿನ ಬಟ್ಟೆಯನ್ನು ಹಿಡಿದು ಅವಳ ಬಳಿ ಕುಳಿತಿದ್ದ ಮನೆಯಾಕೆಯು ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ತಾಳುತ್ತಿರಲಿಲ್ಲ.

ಆಟೋದಲ್ಲಿ ಕೂಡ್ರಿಸಿಕೊಂಡು ಚರ್ಮವೈದ್ಯರಲ್ಲಿಗೆ ಹೋದೆವು. ತರುಣಿಯಾದ ಆ ವೈದ್ಯೆಯು ಮುಖವನ್ನು ಬೆಳಕಿಗೆ ತಿರುಗಿಸಿ, ಓಢಣಿ ಮುಚ್ಚಿದ್ದ ಗೆರೆಯನ್ನು ಬೆರಳಿನಿಂದ ತೋರಿಸಿದಳು. ಗೆರೆಯ ಮೇಲೆ ಸುಟ್ಟಗಾಯ; ಗೆರೆಯ ಕೆಳಗೆ ಒಂದು ಚುಕ್ಕೆಯೂ ಇಲ್ಲ. “ಏನು ಹಚ್ಚಿಕೊಂಡು ಬಿಸಿಲಿಗೆ ಹೋಗಿದ್ದೆ?” ಎಂದು ಕೇಳಿದಳು. ಶೀಶೆಯನ್ನು ತೋರಿಸಿದೆವು. ಅವಳು ಅದನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಹೇಳಿದಳು: “ಸರ್, ಇದು ತೊನ್ನಿಗೆ ಹಚ್ಚುವ ಔಷಧ. ಬಿಳಿಯಾದ ಚರ್ಮವನ್ನು ಕಪ್ಪಾಗಿಸುವುದಕ್ಕೆ ಇರುವುದು.”

ವಾಚಕರೇ, ನನಗೆ ಭೂಮಿ ಬಾಯಿಬಿಟ್ಟಂತಾಯಿತು. ಏಕೆಂದರೆ ಈ ಮಾತು ನನಗೆ ಹೊಸದಾಗಿರಲಿಲ್ಲ. ಶ್ವಿತ್ರವೆಂದರೆ ತೊನ್ನು; ಶ್ವಿತ್ರಕ್ಕೆ ಬಾಕುಚಿ. ಇದು ಆಯುರ್ವೇದವನ್ನು ಓದದವನಿಗೂ ಸಂಸ್ಕೃತದ ನೆರೆಯಲ್ಲಿ ಬೆಳೆದವನಿಗೆ ತಿಳಿದಿರುವ ವಿಷಯ. ಹೆಸರುಗಳನ್ನು ಸರಾಗವಾಗಿ ಹೇಳಿದ ನಾಲಗೆಯು ಉಪಯೋಗವನ್ನು ನೆನೆಯಲಿಲ್ಲ. ಬಿಳಿಯನ್ನು ಕಪ್ಪುಮಾಡುವ ವಸ್ತುವನ್ನು, ಕಪ್ಪನ್ನು ಬಿಳಿ ಮಾಡಿಕೊಳ್ಳಲು ಹೊರಟ ಹುಡುಗಿಯ ಕೈಗೆ, ಚಂದ್ರನ ಹೆಸರು ಹೇಳಿ ನಾನೇ ಕೊಟ್ಟಿದ್ದೆನು.

ಮನೆಗೆ ಬಂದು ಕಪಾಟಿನಿಂದ ಚರಕಸಂಹಿತೆಯನ್ನು ತೆಗೆದೆನು. ಕುಷ್ಠಚಿಕಿತ್ಸೆಯ ಅಧ್ಯಾಯದಲ್ಲಿ, ಶ್ವಿತ್ರದ ರೋಗಿಯು ಔಷಧವನ್ನು ಸೇವಿಸಿ ತನ್ನ ಶಕ್ತಿಯಿದ್ದಷ್ಟು ಹೊತ್ತು ಬಿಸಿಲಿಗೆ ಮೈಯೊಡ್ಡಬೇಕೆಂದೂ, ಆಗ ಮಚ್ಚೆಗಳ ಮೇಲೆ ಏಳುವ ಗುಳ್ಳೆಗಳನ್ನು ಮುಳ್ಳಿನಿಂದ ಒಡೆಯಬೇಕೆಂದೂ ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಹೇಳಿದ ಗಿಡ ಬೇರೆ. ಉಪಾಯ ಮಾತ್ರ ಇದೇ. ಔಷಧ, ಬಿಸಿಲು, ಗುಳ್ಳೆ ಈ ಮೂರೂ ಒಟ್ಟಿಗೆ ನಡೆಯುವವೆಂದು ಹಿಂದಿನವರು ಕಣ್ಣಾರೆ ಕಂಡು ಬರೆದಿಟ್ಟಿದ್ದರು. ಶಾಸ್ತ್ರವು ಮೋಸಮಾಡಲಿಲ್ಲ, ಶಾಸ್ತ್ರದ ಹೆಸರನ್ನು ಹಿಡಿದು ಶಾಸ್ತ್ರವನ್ನು ಬಿಟ್ಟವನು ನಾನು.

ಇದರ ಕಾರಣವನ್ನು ಇಂದಿನ ರಸಾಯನಶಾಸ್ತ್ರವು ಬಿಡಿಸಿ ಹೇಳುತ್ತದೆ. 1933ರಲ್ಲಿ ಜೋಯಿಸ, ಮಂಜುನಾಥ, ವೆಂಕಟರಾವ್ ಎಂಬ ಮೂವರು ವಿಜ್ಞಾನಿಗಳು ಬಾಕುಚಿಯ ಬೀಜಗಳನ್ನು ಪರೀಕ್ಷಿಸಿ ಸೋರಲೆನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದು ಚರ್ಮದೊಳಗೆ ಸೇರಿದ ಬಳಿಕ ಸೂರ್ಯನ ನೇರಳಾತೀತ ಕಿರಣಗಳು ಬಿದ್ದರೆ, ಆ ಕಿರಣಗಳ ಬಲವನ್ನು ಹೀರಿ ಜೀವಕೋಶಗಳಿಗೆ ಪೆಟ್ಟುಕೊಡುತ್ತದೆ. ಸುಡುವುದು ಬಿಸಿಲಿನ ಕಾವಲ್ಲ. ಕಣ್ಣಿಗೆ ಕಾಣದ ಆ ಕಿರಣ. ಉರಿಯು ಕೂಡಲೇ ತೋರದೆ ಒಂದೆರಡು ದಿನಗಳ ಮೇಲೆ ತೋರುವುದರಿಂದ, ಕಾರಣವಾವುದೆಂದು ಮನೆಯವರಿಗೆ ಹೊಳೆಯುವುದೂ ಇಲ್ಲ. ಗಾಯ ಮಾಗಿದ ಮೇಲೆ ಆ ಜಾಗದಲ್ಲಿ ಬಣ್ಣ ದಟ್ಟವಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಈ ಗುಣವನ್ನೇ ಹಿಡಿದು 1940ರ ದಶಕದಲ್ಲಿ ಈಜಿಪ್ಟಿನ ವೈದ್ಯನಾದ ಎಲ್ ಮೊಫ್ತಿಯು, ತನ್ನ ದೇಶದ ಬೇರೊಂದು ಗಿಡದಿಂದ ತೆಗೆದ ಇದೇ ಜಾತಿಯ ದ್ರವ್ಯವನ್ನು ತೊನ್ನಿನ ಚಿಕಿತ್ಸೆಯಲ್ಲಿ ಬಳಸಿದನು. ವೈದ್ಯನ ಕೈಯಲ್ಲಿ, ಅಳೆದ ಔಷಧ ಮತ್ತು ಅಳೆದ ಬೆಳಕು ಸೇರಿದರೆ ಚಿಕಿತ್ಸೆ. ಕಮಲಾಪುರದ ಹೊಲದಲ್ಲಿ, ಅಳತೆಯಿಲ್ಲದ ಎಣ್ಣೆ ಮತ್ತು ಅಳತೆಯಿಲ್ಲದ ಬಿಸಿಲು ಸೇರಿದರೆ ಗಾಯ. ಲಿಂಬೆಯ ಜಾತಿಯ ಹಣ್ಣುಗಳಲ್ಲಿಯೂ ಇದರ ಬಳಗದ ದ್ರವ್ಯಗಳಿವೆ. ಲಿಂಬೆರಸವನ್ನು ಮುಖಕ್ಕೆ ತಿಕ್ಕಿಕೊಂಡು ಹೊರಗೆ ಹೋಗುವವರು ಇದನ್ನು ನೆನಪಿನಲ್ಲಿಡಬೇಕು.

ಹಾಗಾದರೆ “ಹಗಲಿನಲ್ಲಿಯೂ ಹಚ್ಚಬಹುದು” ಎಂಬ ಮಾತು ಎಲ್ಲಿಂದ ಬಂದಿತು? ಅದು ಪೂರ್ತಿ ಸುಳ್ಳೂ ಅಲ್ಲವೆಂಬುದೇ ಇಲ್ಲಿಯ ಕೌತುಕ. ಬಾಕುಚಿಯ ಬೀಜದಿಂದಲೇ 1966ರಲ್ಲಿ ಬಾಕುಚಿಯೋಲ್ ಎಂಬ ಇನ್ನೊಂದು ದ್ರವ್ಯವನ್ನು ಬೇರ್ಪಡಿಸಿದರು. ಅದು ಸೋರಲೆನ್ ಅಲ್ಲ. ಶುದ್ಧಮಾಡಿದ ಬಾಕುಚಿಯೋಲನ್ನು ನೂರರಲ್ಲಿ ಅರ್ಧ ಪಾಲಿನಷ್ಟು ಬೆರೆಸಿದ ಕ್ರೀಮನ್ನು, ಸುಕ್ಕು ಕಲೆಗಳಿಗೆ ಬಳಸುವ ರೆಟಿನಾಲಿನೊಡನೆ ಹೋಲಿಸಿ, 44 ಮಂದಿಯ ಮೇಲೆ 12 ವಾರ ನಡೆಸಿದ ಪರೀಕ್ಷೆಯೊಂದು 2019ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡೂ ಹೆಚ್ಚುಕಡಿಮೆ ಸಮನಾಗಿ ಕೆಲಸಮಾಡಿದವು. ಬಾಕುಚಿಯೋಲಿನಿಂದ ಉರಿ ಕಡಿಮೆ. ಪರೀಕ್ಷೆ ಸಣ್ಣದು, ಆದರೆ ಸುಳ್ಳಲ್ಲ. ಅಲ್ಲಿಂದ ಆ ಹೆಸರು ಜಗತ್ತೆಲ್ಲ ಹರಡಿತು. ಹರಡುತ್ತ ಹರಡುತ್ತ ಕೊನೆಯ ಎರಡು ಅಕ್ಷರಗಳು ಉದುರಿದವು. ಬಾಕುಚಿಯೋಲಿಗೆ ಸಲ್ಲಬೇಕಾದ ಮಾತು ಬಾಕುಚಿಯ ಹಸಿ ಎಣ್ಣೆಗೆ ಸಂದಿತು. ತರ್ಕವನ್ನು ಓದಿದವರು ‘ನವಕಂಬಲ’ದ ಉದಾಹರಣೆಯನ್ನು ಬಲ್ಲರು: ಹೊಸ ಕಂಬಳಿಯೆಂದು ಒಬ್ಬನು ಹೇಳಿದರೆ ಇನ್ನೊಬ್ಬನು ಒಂಬತ್ತು ಕಂಬಳಿಯೆಂದು ಅರ್ಥಮಾಡುವನು. ಅದಕ್ಕೆ ವಾಕ್ಛಲವೆಂದು ಹೆಸರು. ನಾನು ಮೂವತ್ತನಾಲ್ಕು ವರುಷ ಕಲಿಸಿದ ಪಾಠವು ನನ್ನ ಮನೆಯ ಕಟ್ಟೆಯ ಮೇಲೆ ನಡೆದಾಗ ನನಗೆ ಗುರುತು ಸಿಗಲಿಲ್ಲ.

ಐದಾರು ದಿನಗಳ ಮೇಲೆ ಬಾವು ಇಳಿದು ಹುಡುಗಿ ಮಾತನಾಡುವಂತಾದಳು. ನಾನು ಅವಳ ಬಳಿ ಕುಳಿತು, “ನಿನ್ನ ಮುಖಕ್ಕೆ ಏನು ಕೊರತೆಯಿತ್ತೆಂದು ಇದೆಲ್ಲ ಮಾಡಿಕೊಂಡೆ, ಮಗಳೇ?” ಎಂದು ಕೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು:

“ಗಂಡಿನ ಕಡಿಯವರಿಗಿ ಕಳಿಸೋ ಕಾಗದದಾಗ ನೀವೇ ಗೋಧಿ ಬಣ್ಣ ಅಂತ ಬರದಿದ್ರಿ ದೊಡ್ಡಪ್ಪಾ. ಅವರು ಬಂದು ನೋಡಿದಾಗ ನಿಮ್ಮ ಮಾತು ಸುಳ್ಳಾಗಬಾರದಂತ ಹಚ್ಕೊಂಡೆ.”

ತಮ್ಮನ ಕೋರಿಕೆಯಂತೆ ಆ ಕಾಗದವನ್ನು ಬರೆದವನು ನಾನೇ. ಮೊದಲು ‘ಶ್ಯಾಮಲ ವರ್ಣ’ವೆಂದು ಬರೆದು, ಲೋಕದ ಮಾತು ನೆನೆದು, ಹೊಡೆದುಹಾಕಿ ‘ಗೋಧಿ ವರ್ಣ’ವೆಂದು ತಿದ್ದಿದ್ದೆನು. ಸಣ್ಣ ತಿದ್ದುಪಡಿ, ಎಲ್ಲರೂ ಮಾಡುವಂಥದು. ನಾನು ಕಾಗದದ ಮೇಲೆ ಮಾಡಿದುದನ್ನು ಅವಳು ಮೈಮೇಲೆ ಮಾಡಲು ಹೋಗಿದ್ದಳು. ಆಗ ನನ್ನ ಕಣ್ಣಿನಲ್ಲಿ ನೀರು ಬಂದಿತೆಂದು ಹೇಳಲು ನಾಚಿಕೆಯಿಲ್ಲ.

ಇನ್ನು ಈ ಪೆಟ್ಟಿನಿಂದ ನಾನು ಕಲಿತುದನ್ನು ಹೇಳಿ ಮುಗಿಸುವೆನು. ಒಂದು ಮಾತು ನಂಬತಕ್ಕದ್ದೋ ಅಲ್ಲವೋ ಎಂದು ತಿಳಿಯಲು ನಮ್ಮವರು ಪ್ರಮಾಣಗಳನ್ನು ಹೇಳಿರುವರು. ಚರಕಸಂಹಿತೆಯಲ್ಲಿ ಅವು ನಾಲ್ಕು: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ. ಇವುಗಳಲ್ಲಿ ನಾವು ಬಿಟ್ಟದ್ದೇನು, ಕೆಡಿಸಿದ್ದೇನು ಎಂದು ನೋಡಿದೆನು.

ಮೊದಲನೆಯದು ಆಪ್ತ. ಆಪ್ತನೆಂದರೆ ನೆಂಟನಲ್ಲ, ಇಷ್ಟವಾದವನಲ್ಲ. ವಸ್ತುವನ್ನು ತಾನು ಸಾಕ್ಷಾತ್ತಾಗಿ ತಿಳಿದವನೂ, ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನೂ ಆಪ್ತನೆಂದು ನ್ಯಾಯಶಾಸ್ತ್ರದ ಭಾಷ್ಯಕಾರನು ಹೇಳುವನು; ಋಷಿಗೂ ಪರದೇಶಿಗೂ ಈ ಲಕ್ಷಣ ಒಂದೇ. ಎರಡು ಪ್ರಶ್ನೆಗಳು ಇದರಿಂದಲೇ ಹುಟ್ಟುತ್ತವೆ: ಹೇಳುವವರಿಗೆ ಗೊತ್ತಿದೆಯೇ? ಬೇರೆ ರೀತಿ ಹೇಳುವುದರಿಂದ ಅವರಿಗೆ ಲಾಭವಿದೆಯೇ? ಹಣ ಪಡೆದು ಹೊಗಳುವವರು ಅದು ಜಾಹೀರಾತೆಂದು ಕಾಣುವಂತೆ ಬರೆಯಬೇಕೆಂದು ನಮ್ಮ ದೇಶದ ಜಾಹೀರಾತು ಪ್ರಮಾಣ ಮಂಡಳಿಯು 2021ರಲ್ಲಿಯೇ ನಿಯಮ ಮಾಡಿರುವುದು. ಆ ಬರೆಹವಿದೆಯೇ ಎಂದು ನೋಡಿರಿ. ಇಲ್ಲದಿದ್ದ ಮಾತ್ರಕ್ಕೆ ಹಣವಿಲ್ಲವೆಂದು ತಿಳಿಯಬೇಡಿರಿ. ನಾನಾದರೋ ಹಣ ಪಡೆಯಲಿಲ್ಲ. ಆದರೆ ತಿಳಿಯದುದನ್ನು ತಿಳಿದವನಂತೆ ಹೇಳಿದೆನು. ಮನೆಯ ಹಿರಿಯನೆಂಬುದರಿಂದ ನಾನು ಆಪ್ತನಾಗಲಿಲ್ಲ.

ಎರಡನೆಯದು ಪ್ರತ್ಯಕ್ಷ. ಕೈಗೆ ಹಚ್ಚಿ ನೋಡಿದೆವಲ್ಲ ಎಂದು ನಾನು ವೈದ್ಯೆಯನ್ನು ಕೇಳಿದೆನು. ಅವಳು ಹೇಳಿದಳು: “ಅದು ಒಳ್ಳೆಯ ಪದ್ಧತಿಯೇ, ಸರ್. ಆದರೆ ಎರಡು ರಾತ್ರಿ ಸಾಲದು. ಏಳೆಂಟು ದಿನವಾದರೂ ಅದೇ ಜಾಗಕ್ಕೆ ಹಚ್ಚಬೇಕು. ಹಾಗೆ ಹಚ್ಚಿದರೂ ಒಗ್ಗದಿಕೆ ಮಾತ್ರ ಗೊತ್ತಾಗುವುದು. ಬಿಸಿಲು ಬೀಳದ ಒಳಗೈಯಲ್ಲಿ ಬಿಸಿಲಿನ ದೋಷ ಹೇಗೆ ಕಾಣಬೇಕು?” ಪ್ರತ್ಯಕ್ಷವೂ ತಾನು ನೋಡಿದ್ದನ್ನು ಮಾತ್ರ ಹೇಳುವುದು, ನೋಡದುದನ್ನು ಹೇಳದು.

ಅನುಮಾನದ ಹೆಸರಿನಲ್ಲಿ ನಡೆಯುವ ಮೋಸವೇ ಎಲ್ಲಕ್ಕಿಂತ ದೊಡ್ಡದು. ಹಚ್ಚಿದಳು, ಬೆಳ್ಳಗಾದಳು, ಆದುದರಿಂದ ಒಳ್ಳೆಯದು ಎಂಬುದು ಅನುಮಾನದ ವೇಷ. ಬೇಗ ಬೆಳಗುವ ಕ್ರೀಮುಗಳಲ್ಲಿ ಎರಡು ವಸ್ತುಗಳು ಅಡಗಿರಬಹುದು. ಒಂದು ಸ್ಟಿರಾಯ್ಡ್. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ಬರಬರುತ್ತ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆಯೂ ಕೂದಲೂ ಹುಟ್ಟುತ್ತವೆ. ಬಿಟ್ಟರೆ ಉರಿ ಕೆರಳುತ್ತದೆ, ಆದುದರಿಂದ ಬಿಡಲೂ ಆಗದು. 2011ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಮುಖದ ತೊಂದರೆಗಾಗಿ ನಮ್ಮ ದೇಶದ ಆಸ್ಪತ್ರೆಗಳಿಗೆ ಬಂದ 2926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರೆಂದು ಕಂಡುಬಂದಿತು. ಚರ್ಮವೈದ್ಯರ ಒತ್ತಾಯದ ಫಲವಾಗಿ 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರವು ಮೈಗೆ ಹಚ್ಚುವ 14 ಸ್ಟಿರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ಪಾದರಸ. ಇದು ಚರ್ಮದಲ್ಲಿ ಬಣ್ಣ ಹುಟ್ಟುವುದನ್ನು ತಡೆಯುತ್ತದೆ. ಆದರೆ ಚರ್ಮದಲ್ಲಿಯೇ ನಿಲ್ಲದೆ ರಕ್ತದಲ್ಲಿ ಸೇರಿ ಮೂತ್ರಪಿಂಡಕ್ಕೆ ಹೋಗುತ್ತದೆ. ಕೇರಳದ ಕೊಟ್ಟಕ್ಕಲ್ಲಿನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರದವರೆಗೆ ಒಂದು ಬಗೆಯ ಮೂತ್ರಪಿಂಡದ ಬೇನೆಯ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಮಂದಿಯ ಬೇನೆಗೆ ಅಪರೂಪದ ಒಂದೇ ಲಕ್ಷಣವಿತ್ತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮನ್ನು ಹಚ್ಚಿಕೊಳ್ಳುತ್ತಿದ್ದರು. ಹೆಚ್ಚಿನವರಿಗೆ ಕ್ರೀಮನ್ನು ಬಿಟ್ಟ ಮೇಲೆ ಗುಣವಾಯಿತೆಂಬುದೊಂದು ಸಮಾಧಾನ. ಕಣ್ಣಿನ ಸುತ್ತಣ ಪ್ರಸಾಧನಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಪಾದರಸವು ಅರಿಯದೆ ಬೆರೆತರೂ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗವನ್ನು ಮೀರಬಾರದೆಂದು ನಮ್ಮ 2020ರ ನಿಯಮಗಳು ಹೇಳುತ್ತವೆ. ನಿಯಮವನ್ನು ಮೀರುವವನು ಶೀಶೆಯ ಮೇಲೆ ಅದನ್ನು ಬರೆಯುವನೇ? ಬರೆಯಲಾರನು. ಆದುದರಿಂದ ತಯಾರಿಸಿದವನ ಹೆಸರು, ಪೂರ್ತಿ ವಿಳಾಸ, ತಂಡದ ಸಂಖ್ಯೆ, ಬಳಸಬೇಕಾದ ಅವಧಿ, ಬೆರೆಸಿದ ವಸ್ತುಗಳ ಪಟ್ಟಿ ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಡಬ್ಬಿಯನ್ನು ಮನೆಯೊಳಗೆ ತರಕೂಡದು. ನಮ್ಮ ಶೀಶೆಯ ಮೇಲೆ ಎಲೆಯ ಚಿತ್ರವೂ ‘ಶುದ್ಧ ನೈಸರ್ಗಿಕ’ವೆಂಬ ಮಾತೂ ಇದ್ದವು, ವಿಳಾಸವಿರಲಿಲ್ಲ.

ನಾಲ್ಕನೆಯದು ಯುಕ್ತಿ. ಹಲವು ಕಾರಣಗಳು ಕೂಡಿದಾಗ ಹುಟ್ಟುವ ಫಲವನ್ನು ಕಾಣಬಲ್ಲ ಬುದ್ಧಿಗೆ ಯುಕ್ತಿಯೆಂದು ಹೆಸರು. ನೆಲ, ನೀರು, ಬೀಜ, ಕಾಲ ಕೂಡಿದರೆ ಬೆಳೆ. ನನ್ನ ತಮ್ಮನು ಓದಿದವನಲ್ಲ. ಆದರೂ ಯಾರೋ ಬೇರೆ ಸೀಮೆಯವರು ಹೊಗಳಿದರೆಂದು ಕಾಣದ ಬೀಜವನ್ನು ಹೊಲಕ್ಕೆಲ್ಲ ಬಿತ್ತುವವನಲ್ಲ. ನಮ್ಮ ನೆಲಕ್ಕೆ ಬಂದೀತೇ, ನಮ್ಮ ಮಳೆಗೆ ತಾಳೀತೇ ಎಂದು ಕೇಳಿ, ಒಂದು ಸಾಲಿನಲ್ಲಿ ಬಿತ್ತಿ ನೋಡುವನು. ಎಣ್ಣೆಯೊಂದೇ ನಮ್ಮ ಹುಡುಗಿಯನ್ನು ಸುಡಲಿಲ್ಲ, ಬಿಸಿಲೊಂದೇ ಸುಡಲಿಲ್ಲ, ಎರಡೂ ಕೂಡಿ ಸುಟ್ಟವು. ಮೋಡ ಕವಿದ ಶೀತದೇಶದಲ್ಲಿ ಕುಳಿತು ಹೇಳಿದ ಮಾತನ್ನು ನಾವು ಕಲಬುರಗಿಯ ವೈಶಾಖದಲ್ಲಿ ಕೇಳುತ್ತಿರುವೆವೆಂಬುದು ನೆನಪಿರಬೇಕು. ಯಾವ ವಸ್ತು ಎಂದು ಕೇಳಿದರೆ ಸಾಲದು. ಎಷ್ಟು, ಯಾರ ಚರ್ಮಕ್ಕೆ, ಯಾವ ಹೊತ್ತಿನಲ್ಲಿ, ಯಾವ ಬಿಸಿಲಿನಲ್ಲಿ, ಜೊತೆಗೆ ಮತ್ತೇನನ್ನು ಹಚ್ಚಿದೆ, ಏತಕ್ಕಾಗಿ ಎಂದು ಕೇಳಬೇಕು. ಈ ಕೊನೆಯ ಪ್ರಶ್ನೆಯನ್ನು ಹುಡುಗಿಗೆ ಮೊದಲೇ ಕೇಳಿದ್ದರೆ ಉಳಿದವುಗಳ ಅಗತ್ಯವೇ ಬೀಳುತ್ತಿರಲಿಲ್ಲ.

ಹಳೆಯದೆಲ್ಲ ಕೆಟ್ಟದ್ದೆಂದಾಗಲಿ, ಹೊಸದೆಲ್ಲ ಮೋಸವೆಂದಾಗಲಿ ನಾನು ಹೇಳುತ್ತಿಲ್ಲ. ನಮ್ಮ ಹುಡುಗಿಯ ಮುಖವನ್ನು ಮಾಗಿಸಿದ್ದು ಹೊಸ ವೈದ್ಯವೇ. ಅದರ ಉಪಚಾರವೂ ಬಹು ಸರಳವಾಗಿತ್ತು. ಮೊದಲ ಕೆಲವು ದಿನ ವೈದ್ಯೆ ಕೊಟ್ಟ ಔಷಧ, ಆಮೇಲೆ ಪರಿಮಳವಿಲ್ಲದ ಸಾದಾ ಲೇಪ, ಹೊರಗೆ ಹೋಗುವಾಗ ಬಿಸಿಲನ್ನು ತಡೆಯುವ ಕ್ರೀಮು ಮತ್ತು ಕೊಡೆ, ಇವಿಷ್ಟೇ. “ಬೇರೆ ಏನನ್ನೂ ಹಚ್ಚಬೇಡ” ಎಂಬುದೇ ಮುಖ್ಯವಾದ ಔಷಧವಾಗಿತ್ತು. ಗುಳ್ಳೆಗಳು ಎರಡು ವಾರಗಳಲ್ಲಿ ಮಾಗಿದವು. ಕಲೆಗಳು ದೀಪಾವಳಿಯವರೆಗೂ ಇದ್ದು ಮೆಲ್ಲಮೆಲ್ಲಗೆ ಕರಗಿದವು. ಬಲಗೆನ್ನೆಯ ಮೇಲೆ ಹುಡುಕಿದರೆ ಒಂದು ನೆರಳು ಈಗಲೂ ಸಿಕ್ಕೀತು.

ಗಂಡಿನ ಕಡೆಯವರಿಗೆ ಹೇಳಿ ಕಳುಹಿಸಿ, ಬರುವುದನ್ನು ಮುಂದೂಡಿದ್ದೆವು. ಅವರು ಮತ್ತೆ ಬರಲಿಲ್ಲ. ಅವರ ಕಾರಣ ಅವರಿಗಿರಲಿ. ಸಂಕ್ರಾಂತಿ ಕಳೆದ ಮೇಲೆ ತಮ್ಮನು ಬೇರೊಂದು ಕಡೆಗೆ ಕಳುಹಿಸಲು ಕಾಗದವನ್ನು ಮತ್ತೆ ಬರೆಯಿಸಿದನು. ನಾನು ಹುಡುಗಿಯನ್ನು ಎದುರಿಗೆ ಕೂಡ್ರಿಸಿಕೊಂಡು ಬರೆದೆನು. ವಯಸ್ಸು, ಓದು, ಎತ್ತರ, ಮನೆತನ ಎಲ್ಲ ಬರೆದಾಯಿತು. ಬಣ್ಣದ ಸಾಲು ಬಂದಾಗ ನಾನು ಲೇಖನಿಯನ್ನು ಎತ್ತಿ ಅವಳ ಮುಖವನ್ನು ನೋಡಿದೆನು. ಅವಳು ನಕ್ಕು, “ಇದ್ದದ್ದು ಬರೀರಿ ದೊಡ್ಡಪ್ಪಾ” ಎಂದಳು.

ಬರೆದೆನು.